ತಪ್ಪು ಉತ್ತರಕ್ಕೆ ಕೇಳುವ ದನಿ

ಇಲ್ಲಿ ಬರೆಯುತ್ತಿರುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ನಮ್ಮ ಸರ್ ಅವರ ಸ್ಕೂಟರು ಬೂದು ಬಣ್ಣದ್ದು ಎಂದು ನನಗೆ ಖಾತ್ರಿಯಿತ್ತು. ಮೊನ್ನೆ ಒಂದು ಹಳೆಯ ಫೋಟೊ ಸಿಕ್ಕಿತು. ಅದರಲ್ಲಿ ಸ್ಕೂಟರು ಕೆಂಪು. ಇಷ್ಟು ವರ್ಷ ನಾನು ಅವರನ್ನು ಇಲ್ಲದ ಸ್ಕೂಟರಿನ ಮೇಲೆ ಕೂರಿಸಿಕೊಂಡು ಬಂದಿದ್ದೇನೆ. ಹಾಗಾದರೆ ಅವರು ಆಡಿದರೆಂದು ನಾನು ನಂಬಿರುವ ಮಾತುಗಳಲ್ಲಿ ಅವರವು ಯಾವುವು, ನನ್ನವು ಯಾವುವು? ಇದನ್ನು ಸುಮ್ಮನೆ ಕೇಳಿಕೊಳ್ಳುತ್ತಿಲ್ಲ. ಅವರು ಒಂದು ಮಾತು ಹೇಳಿದ್ದರೋ ಇಲ್ಲವೋ ಎಂಬುದರ ಮೇಲೆ ನಾನೀಗ ಒಂದು ಕೆಲಸ ಮಾಡಬೇಕಾಗಿದೆ, ಇಲ್ಲವೇ ಮಾಡದೆ ಬಿಡಬೇಕಾಗಿದೆ.

ಅವರು ಮಹಾರಾಷ್ಟ್ರದ ಸಂಭಾಜಿನಗರದಲ್ಲಿ ಎಂ.ಎಸ್ಸಿ.ಗೆ ನನಗೆ ಸಂಖ್ಯಾಶಾಸ್ತ್ರ ಕಲಿಸಿದವರು. ಬೀದರ್ ಜಿಲ್ಲೆಯ ಭಾಲ್ಕಿ ಕಡೆಯವರು, ನೌಕರಿಗೆಂದು ಬಂದು ಅಲ್ಲೇ ನಿಂತವರು. ಮೊದಲ ದಿನ ಹಾಜರಿ ಕರೆಯುವಾಗ ನನ್ನ ಅಡ್ಡಹೆಸರು ಓದಿ ತಲೆಯೆತ್ತಿ ನೋಡಿದರು. ತರಗತಿ ಮುಗಿದ ಮೇಲೆ ಬಾಗಿಲ ಹತ್ತಿರ ನಿಲ್ಲಿಸಿ, "ಕನ್ನಡದವ್ರೇನವಾ?" ಎಂದರು. ಹೌದು, ನಮ್ಮದು ಕುಂದಾಪುರದ ಕಡೆ, ಅಪ್ಪನದು ನಾಶಿಕದಲ್ಲಿ ಹೋಟೆಲು ಎಂದೆ.

"ಹಂಗಾರ ನಿನ್ನ ಕನ್ನಡ ನನಗ ತಿಳೀಲಿಕ್ಕಿಲ್ಲ, ನನ್ನದು ನಿನಗ ತಿಳೀಲಿಕ್ಕಿಲ್ಲ. ಮರಾಠಿನೇ ಛಲೋ," ಎಂದು ಹೊರಟುಹೋದರು. ಆಮೇಲೆ ನಾವಿಬ್ಬರೂ ಮಾತಾಡಿದ್ದೆಲ್ಲ ಕನ್ನಡದಲ್ಲೇ.

ಕೈಗಡಿಯಾರವನ್ನು ಮುಂಗೈಯ ಒಳಭಾಗಕ್ಕೆ ತಿರುಗಿಸಿ ಕಟ್ಟುತ್ತಿದ್ದರು. ಫೋನನ್ನು ಯಾರ ಕೈಗೆ ಕೊಡುವುದಿದ್ದರೂ ಪರದೆಯನ್ನು ಅಂಗಿಗೆ ಒಮ್ಮೆ ಒರೆಸಿಯೇ ಕೊಡುತ್ತಿದ್ದರು. ತರಗತಿಯಲ್ಲಿ ಕುರ್ಚಿ ಇದ್ದರೂ ಅದರಲ್ಲಿ ಕೂತದ್ದನ್ನು ನಾನು ನೋಡಿಲ್ಲ. ಇವಿಷ್ಟು ನಿಜ ಎಂದು ಇಟ್ಟುಕೊಂಡಿದ್ದೇನೆ, ಬೇರೆಯವರೂ ಇದನ್ನೇ ಹೇಳಿದ್ದರಿಂದ.

ನಿವೃತ್ತಿಗೆ ಕೆಲವೇ ವರ್ಷ ಉಳಿದಿದ್ದಾಗ ಅವರು ಫೋನಿನಲ್ಲಿ ನಡೆಯುವ ಪಾಠಗಳನ್ನು ಮಾಡತೊಡಗಿದರು. ವಿಭಾಗದಲ್ಲಿ ದುಬಾರಿ ತಂತ್ರಾಂಶವೊಂದಿತ್ತು. ಅದು ಇದ್ದದ್ದು ಲ್ಯಾಬಿನ ನಾಲ್ಕಾರು ಕಂಪ್ಯೂಟರುಗಳಲ್ಲಿ. ಲ್ಯಾಬಿನ ಕೀಲಿ ಗುಮಾಸ್ತರ ಬಳಿ. ಗುಮಾಸ್ತರು ಸಾಧಾರಣವಾಗಿ ಚಹಾಕ್ಕೆ ಹೋಗಿರುತ್ತಿದ್ದರು. ಸಿಲ್ಲೋಡ್, ಕನ್ನಡ ಎಂದೇ ಹೆಸರಿರುವ ಊರು, ಇಂಥ ತಾಲೂಕು ಊರುಗಳ ಕಾಲೇಜುಗಳಲ್ಲಿ ಆ ಕೀಲಿಯೂ ಇರಲಿಲ್ಲ. ಸರ್ 'ಆರ್' ಎಂಬ ಮುಕ್ತ ತಂತ್ರಾಂಶವನ್ನು ತಾವೇ ಕಲಿತರು. ಅದನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಳಗಿನ ಬರಹವನ್ನು ತೆರೆದು ನೋಡಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಪುಕ್ಕಟೆ ಸಿಗುತ್ತದೆಂದು ಇದನ್ನು ಹಿಡಿದಿರಾ ಎಂದು ಒಮ್ಮೆ ಕೇಳಿದ್ದೆ.

"ಪುಕ್ಕಟ ಅಂತ ಅಲ್ಲ ತಂಗಿ. ಬಿಚ್ಚಿ ನೋಡಬಹುದಲ್ಲ, ಅದಕ್ಕ. ಬಿಚ್ಚಲಿಕ್ಕ ಬಾರದ್ದನ್ನ ಕಲಿಸೋದು ಹ್ಯಾಂಗ?"

ಅವರ ಪಾಠ ತೆರೆದರೆ ಪುಟದಲ್ಲಿ ಮೊದಲು ಒಂದು ಚಿಕ್ಕ ಕಥೆ, ಕೆಳಗೆ ಒಂದು ನಕ್ಷೆ, ಅದರ ಕೆಳಗೆ ಬೆರಳಿನಿಂದ ಆಚೀಚೆ ಎಳೆಯುವ ಗುಂಡಿ. ಗುಂಡಿ ಎಳೆದಂತೆ ನಕ್ಷೆಯ ಗೆರೆ ಅಗಲವಾಗುತ್ತದೆ, ಚೂಪಾಗುತ್ತದೆ. ಒಂದು ಕಡೆ ಒತ್ತಿದರೆ ಅಂಕಿಗಳ ರಾಶಿಯಿಂದ ಹೊಸ ಮಾದರಿಯೊಂದು ಬರುತ್ತದೆ. ಮತ್ತೆ ಒತ್ತಿದರೆ ಇನ್ನೊಂದು. ಕೊನೆಯಲ್ಲಿ ಪ್ರಶ್ನೆಗಳು. ತಂತ್ರಾಂಶದ ಜೊತೆಗೇ ಬರುವ ಅಂಕಿಗಳಿವೆ, ಯಾವುದೋ ದೇಶದ ಹೂವಿನ ಪಕಳೆಗಳ ಅಳತೆ. ಅದನ್ನು ಅವರು ಮುಟ್ಟಲಿಲ್ಲ. "ಆ ಹೂ ನಾನೂ ನೋಡಿಲ್ಲ, ಪೋರಗೋಳೂ ನೋಡಿಲ್ಲ," ಎಂದರು. ಸಿಲ್ಲೋಡಿನ ಮಾರುಕಟ್ಟೆಗೆ ಬಂದ ಮೆಕ್ಕೆಜೋಳದ ತೇವಾಂಶ, ಕನ್ನಡಕ್ಕೆ ಹೋಗುವ ಎಸ್.ಟಿ. ಬಸ್ಸು ತಡವಾದ ನಿಮಿಷಗಳು, ಇಂಥವನ್ನು ತಾವೇ ಕೂಡಿಹಾಕಿದರು. ಬಸ್ಸಿನಲ್ಲೇ ಪಾಠವನ್ನು ಪರೀಕ್ಷಿಸುತ್ತಿದ್ದರು. ದೌಲತಾಬಾದಿನ ಘಾಟಿನಲ್ಲಿ ರೇಂಜ್ ಹೋದಾಗಲೂ ಪುಟ ನಿಲ್ಲದೆ ನಡೆದರೆ ಮಾತ್ರ ಪಾಠ ಪಾಸು.

ಆ ಹೊತ್ತಿಗೆ ನಾನು ನಾಶಿಕಕ್ಕೆ ಮರಳಿ ಅಲ್ಲಿಯ ಕಾಲೇಜೊಂದರಲ್ಲಿ ಕಲಿಸಲು ಸೇರಿದ್ದೆ. ಅವರ ಒಬ್ಬಳೇ ಮಗಳು ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್, ಅಲ್ಲೇ ಟೌನ್‌ಶಿಪ್‌ನಲ್ಲಿ ಮನೆ. ಮಗಳನ್ನು ನೋಡಲು ಬಂದಾಗಲೆಲ್ಲ ಸರ್ ಬಸ್ಸು ಹಿಡಿದು ನಮ್ಮ ಹೋಟೆಲಿಗೂ ಬರುತ್ತಿದ್ದರು. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ ಮೂಲೆಯ ಮೇಜಿನ ಮೇಲೆ ಇಬ್ಬರ ಲ್ಯಾಪ್‌ಟಾಪು. ನನ್ನ ಕೆಲಸ ಅವರ ಬರಹದ ತಪ್ಪು ಹುಡುಕುವುದು. ನಾಶಿಕದ ಎಲ್ಲರಂತೆ ಅವರೂ ಅಪ್ಪನನ್ನು ಅಣ್ಣಾ ಎನ್ನುತ್ತಿದ್ದರು; ಅಪ್ಪ ಅವರನ್ನು ಮಾಸ್ಟ್ರೆ ಎನ್ನುತ್ತಿದ್ದರು.

"ಎಂತ ಮಾಸ್ಟ್ರೆ, ಇವತ್ತು ಯಾವ ಗೆರೆ ಏರಿತು?"

"ಗೆರಿ ಏರ್ಲಿಲ್ಲ ಅಣ್ಣಾರ. ನಿಮ್ಮ ಸಾಂಬಾರದಾಗ ಬೆಲ್ಲ ಏರ್ಯದ."

"ನಿಮ್ಮ ಕಡೆಯವರಿಗೆ ಕಣ್ಣಲ್ಲಿ ನೀರು ಬಂದ್ರೆ ಮಾತ್ರ ಊಟ ಆದ ಹಾಗೆ ಮಾರಾಯ್ರೆ. ನಾಳೆ ಎಲ್ಲಿಗೆ ಸವಾರಿ?"

"ಕನ್ನಡಕ್ಕ."

"ಕನ್ನಡಕ್ಕೆ ಹೋಗಿ ಮರಾಠಿಯಲ್ಲಿ ಪಾಠ ಹೇಳುವ ಜನ ನೀವೊಬ್ರೇ."

ಈ ಮಾತನ್ನು ಅಪ್ಪ ಪ್ರತಿ ಸಲವೂ ಹೇಳುತ್ತಿದ್ದರು. ಸರ್ ಪ್ರತಿ ಸಲವೂ ಮೊದಲ ಬಾರಿ ಕೇಳಿದವರಂತೆ ತಲೆಯಾಡಿಸುತ್ತಿದ್ದರು.

ಒಂದು ದಿನ ದೋಸೆಯ ವಿಷಯ ಬಂತು. "ಅಣ್ಣಾರ, ನಿಮ್ಮ ದ್ವಾಸಿ ಎಲ್ಲಾ ಒಂದೇ ಅಳತಿ ಇರ್ತಾವೇನು?" ಎಂದು ಸರ್ ಕೇಳಿದರು.

"ಇರ್ತದೆ. ಇಲ್ಲದಿದ್ರೆ ಗಿರಾಕಿ ಬಿಡ್ತಾರಾ? ಪಕ್ಕದವನಿಗೆ ದೊಡ್ಡದು ಕೊಟ್ರಿ ಅಂತ ಕೇಳ್ತಾರೆ."

"ಕೇಳ್ತಾರಂದ್ರ ಒಂದೇ ಅಳತಿ ಇರಂಗಿಲ್ಲ ಅಂತಾತಲ್ಲ."

ಅಪ್ಪನಿಗೆ ಇದು ತಾಗಿತು. ಅಳೆಯಿರಿ, ಈಗಲೇ ಅಳೆಯಿರಿ ಎಂದರು. ಪಕ್ಕದ ದರ್ಜಿ ಅಂಗಡಿಯಿಂದ ಟೇಪು ಬಂತು. ಅಡುಗೆಯವರು ಟೇಪು ನೋಡಿದ್ದೇ ಕಾವಲಿಯ ಮೇಲೆ ಹಿಟ್ಟನ್ನು ಸುತ್ತಿ ಸುತ್ತಿ ಸಮ ಮಾಡತೊಡಗಿದರು. ಅಂಚು ಸ್ವಲ್ಪ ಆಚೆ ಹೋದರೆ ಸೌಟಿನಿಂದ ಒಳಗೆ ತರುತ್ತಿದ್ದರು. ಹೊರಗೆ ಆರ್ಡರುಗಳು ಕಾದವು. ಸಂಜೆಯ ಹೊತ್ತಿಗೆ ನಾವು ಅಂಕಿಗಳನ್ನು ಹಾಕಿ ನಕ್ಷೆ ತೆಗೆದರೆ, ಹರಡಿಕೊಂಡ ಗುಡ್ಡ ಬರಬೇಕಾದ ಕಡೆ ನಡುವೆ ಒಂದೇ ಒಂದು ಕಂಬ. ಅಪ್ಪ ಗೆದ್ದವರಂತೆ ಗಲ್ಲಾದ ಹಿಂದೆ ಹೋಗಿ ಕೂತರು.

ಸರ್ ಆ ಕಂಬವನ್ನು ತುಸು ಹೊತ್ತು ನೋಡಿದರು. "ಇದು ನಡೆಂಗಿಲ್ಲ ತಂಗಿ. ನಾವು ನೋಡ್ಲಿಕತ್ತೀವಿ ಅಂತ ಗೊತ್ತಾದ ಮ್ಯಾಲ ದ್ವಾಸಿನೂ ಶಿಸ್ತಿಗೆ ಬರ್ತದ," ಎಂದು ಅಷ್ಟನ್ನೂ ಅಳಿಸಿಬಿಟ್ಟರು.

ಮುಂದಿನ ಸಲ ಟೇಪು ಕೇಳಲಿಲ್ಲ. ಚಹಾ ಕುಡಿಯುತ್ತ ಕೂತು, ಎದುರು ಹಾದುಹೋಗುವ ತಟ್ಟೆಗಳ ಫೋಟೊ ತೆಗೆದುಕೊಂಡರು. ತಟ್ಟೆಯ ಅಗಲ ಗೊತ್ತಿತ್ತು. ಅದರಿಂದ ದೋಸೆಯ ಅಗಲ ಲೆಕ್ಕ ಹಾಕಿದರು. ಈ ಸಲ ಗುಡ್ಡ ಬಂತು. ಅದೇ ಅವರ ನಾಲ್ಕನೆಯ ಪಾಠ. ಅಪ್ಪನಿಗೆ ಈಗಲೂ ನಾನು ಆ ಪಾಠ ತೋರಿಸಿಲ್ಲ.

ಸಿಲ್ಲೋಡಿನ ಪ್ರಸಂಗವನ್ನು ಅವರು ತಾವೇ ಎಲ್ಲ ಕಡೆ ಹೇಳಿಕೊಳ್ಳುತ್ತಿದ್ದರು. ಕಂಪ್ಯೂಟರು ಮನಬಂದಂತೆ ಅಂಕಿಗಳನ್ನು ಆರಿಸುತ್ತದೆಂದು ನಾವು ಅಂದುಕೊಳ್ಳುತ್ತೇವೆ. ನಿಜವಾಗಿ ಅದಕ್ಕೊಂದು ಆರಂಭದ ಸಂಖ್ಯೆ ಬೇಕು, ಅದನ್ನು ಬೀಜ ಎನ್ನುತ್ತಾರೆ. ಬೀಜವನ್ನು ನಾವೇ ಗೊತ್ತುಪಡಿಸಿದರೆ ಪ್ರತಿ ಸಲವೂ, ಪ್ರತಿ ಫೋನಿನಲ್ಲೂ ಅವೇ ಅಂಕಿಗಳು ಬರುತ್ತವೆ. ಪಾಠ ಕಟ್ಟುವಾಗ ತಪ್ಪು ಹುಡುಕಲೆಂದು ಹಾಗೆ ಗೊತ್ತುಪಡಿಸುವುದುಂಟು. ಕಟ್ಟಿ ಮುಗಿದ ಮೇಲೆ ಆ ಒಂದು ಸಾಲನ್ನು ಅಳಿಸಬೇಕು. ಅವರು ಅಳಿಸಲು ಮರೆತರು.

ಒಂದೇ ರಾಶಿಯಿಂದ ಒಬ್ಬೊಬ್ಬರಿಗೆ ಒಂದೊಂದು ಬಗೆಯ ಮಾದರಿ ಬರುತ್ತದೆ, ಸರಾಸರಿಗಳು ಹಾಗಾಗಿ ಬೇರೆಬೇರೆ, ಎಂಬುದೇ ಅಂದಿನ ಪಾಠ. ಇಡೀ ವರ್ಗ ಫೋನು ಒತ್ತಿತು. ಎಲ್ಲರಿಗೂ ಒಂದೇ ಸರಾಸರಿ, ದಶಾಂಶದ ಕೊನೆಯ ಅಂಕಿಯವರೆಗೆ. ಹುಡುಗರು ಚಪ್ಪಾಳೆ ತಟ್ಟಿದರು. ಅಲ್ಲಿಯ ಅಧ್ಯಾಪಕರು ಎದ್ದುನಿಂತು, ಸರ್ ಮಾಡಿದ ಪಾಠ ಎಷ್ಟು ಬಿಗಿಯಾಗಿದೆ ನೋಡಿ, ಒಬ್ಬರ ಉತ್ತರವೂ ತಪ್ಪಿಲ್ಲ ಎಂದು ಹೊಗಳಿದರು. ಸರ್‌ಗೆ ಏನಾಗಿದೆಯೆಂದು ಹೊಳೆದದ್ದು ಆಗ. ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ. "ಇಷ್ಟು ಮಂದಿ ಇಷ್ಟು ಸರಿಯಾಗಿ ಒಂದೇ ಮಾತು ಹೇಳಿದಾಗ ನೀವು ಮೊದಲು ನನ್ನ ಮೇಲೆ ಸಂಶಯಪಡಬೇಕಿತ್ತು" ಎಂದು ಮರಾಠಿಯಲ್ಲಿ ಹೇಳಿ, ಅಲ್ಲೇ ಗೋಡೆಯ ಪರದೆಯ ಮೇಲೆ ಆ ಸಾಲನ್ನು ತೋರಿಸಿ ಅಳಿಸಿದರಂತೆ. ಚಪ್ಪಾಳೆ ನಿಜವೋ, ಹೇಳುತ್ತ ಹೇಳುತ್ತ ಅವರು ಸೇರಿಸಿದ್ದೋ ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ. ಆದರೂ ಆ ವರ್ಗದ ಕಿಟಕಿ ಯಾವ ಕಡೆ ಇತ್ತೆಂದು ನನ್ನ ಕಣ್ಣಿಗೆ ಕಟ್ಟಿದೆ. ನೆನಪನ್ನು ನಂಬಬಾರದು ಎನ್ನುವುದು ಇಂಥ ಕಾರಣಕ್ಕೆ.

ಇನ್ನು ದನಿಯ ವಿಷಯ. ಮೊದಮೊದಲು ಪಾಠದಲ್ಲಿ ತಪ್ಪು ಉತ್ತರ ಒತ್ತಿದರೆ ಕೆಂಪು ಗುರುತು ಬಂದು ಒಂದು ಕರ್ಕಶ ಸದ್ದಾಗುತ್ತಿತ್ತು. ಕನ್ನಡದ ಕಾಲೇಜಿಗೆ ನಾವಿಬ್ಬರೂ ಹೋಗಿದ್ದಾಗ ಒಬ್ಬ ಹುಡುಗಿ ಮೂರನೆಯ ಕೆಂಪು ಗುರುತಿಗೆ ಫೋನನ್ನು ಬೋರಲು ಹಾಕಿ ಕೂತಳು. ಸರ್ ಯಾಕೆಂದು ಕೇಳಿದರು. "ವರ್ಗದಲ್ಲಿ ತಪ್ಪು ಹೇಳಿದರೆ ನೀವು ಬೈಯೋದಿಲ್ಲ ಸರ್, ಇದು ಬೈಯುತ್ತದೆ," ಎಂದಳು. ಮರಳುವಾಗ ಬಸ್ಸಿನಲ್ಲೇ ಅವರು ಪಾಠದಿಂದ ಆ ಸದ್ದನ್ನು ತೆಗೆದುಹಾಕಿದರು.

ಮರುದಿನ ಸಂಭಾಜಿನಗರದ ಅವರ ಮನೆಯಲ್ಲಿ, ಅದರ ಜಾಗಕ್ಕೆ ಹಾಕಲು ಅವರದೇ ದನಿ ಮುದ್ರಿಸಿದೆವು. ಕೋಣೆಯಲ್ಲಿ ದನಿ ಗೋಡೆಗೆ ಬಡಿದು ಮರಳುತ್ತಿತ್ತು. ಸೀರೆಗಳಿರುವ ಕಪಾಟಿನ ಬಾಗಿಲು ತೆಗೆದು ಒಳಗೆ ತಲೆ ಹಾಕಿ ಮಾತಾಡಿದರೆ ಸರಿಯಾಗುತ್ತದೆಂದು ಎಲ್ಲೋ ಓದಿದ್ದರು. ಹೆಂಡತಿಯ ಇಳಕಲ್ಲು ಸೀರೆಗಳ ನಡುವೆ ಫೋನು ಹಿಡಿದು, "ಘಾಯೀ ನಾಹೀ. ಪುನ್ಹಾ ಬಘಾ" ಎಂದರು. ಅವಸರವಿಲ್ಲ, ಮತ್ತೆ ನೋಡಿ. ಇಷ್ಟೇ ಮಾತು. ಇದನ್ನೇ ಹತ್ತಾರು ಸಲ ಹೇಳಿದರು. ಅವರ ಮರಾಠಿ ಭಾಲ್ಕಿಯ ಮರಾಠಿ. ಗಟ್ಟಿ ಅಕ್ಷರಗಳೆಲ್ಲ ಅವರ ಬಾಯಲ್ಲಿ ಮೆತ್ತಗಾಗುತ್ತಿದ್ದವು.

ಅವರ ಹೆಂಡತಿ, ನಾನು ಬಾಯಿಯವರು ಎನ್ನುತ್ತಿದ್ದೆ, ಬಾಗಿಲಲ್ಲಿ ಬಂದು ನಿಂತರು. "ನೋಡವಾ, ಇಷ್ಟು ವರ್ಷ ನನ್ನ ಮುಂದ ನಿಂತು ಅವಸರಿಲ್ಲ ಅನ್ನಲಿಲ್ಲ. ಈಗ ನನ್ನ ಸೀರಿ ಮುಂದ ನಿಂತು ಅನ್ಲಿಕತ್ತಾರ."

ಕಪಾಟಿನೊಳಗಿಂದ ಸರ್, "ಸುಮ್ಮಿರು, ರೆಕಾರ್ಡ್ ಆಗ್ಲಿಕತ್ತದ," ಎಂದರು.

"ಆಗ್ಲಿ ಬಿಡ್ರಿ. ಪೋರಗೋಳು ನನ್ನ ದನಿನೂ ಕೇಳ್ಲಿ."

ಆ ತುಣುಕನ್ನು ಬಿಟ್ಟೆವು. ಕೊನೆಗೆ ಆರಿಸಿದ್ದರಲ್ಲಿ ದೂರದಲ್ಲೊಂದು ಕುಕ್ಕರಿನ ಸೀಟಿ ಇದೆ, ಗಮನವಿಟ್ಟರೆ ಕೇಳುತ್ತದೆ.

ಸರಿ ಉತ್ತರಕ್ಕೂ ಒಂದು ಶಾಬಾಸ್ ಮುದ್ರಿಸೋಣ ಎಂದೆ. ಬೇಡವೆಂದರು. "ಸರಿ ಉತ್ತರ ಬಂದವ್ರಿಗೆ ನಾ ಯಾಕ ಬೇಕು?" ಹಾಗಾಗಿ ಅವರ ಪಾಠಗಳಲ್ಲಿ ಸರಿ ಒತ್ತಿದರೆ ಮೌನವಾಗಿ ಮುಂದಿನ ಪ್ರಶ್ನೆ ಬರುತ್ತದೆ. ಅವರು ಮಾತಾಡುವುದು ತಪ್ಪಿದಾಗ ಮಾತ್ರ.

ಎಲ್ಲ ಪಾಠಗಳ ಕೊನೆಯಲ್ಲಿ ಅವರು ಒಂದೇ ಪರವಾನಗಿ ಹಾಕಿದ್ದಾರೆ. ಇದನ್ನು ಯಾರು ಬೇಕಾದರೂ ಬಳಸಬಹುದು, ಬದಲಿಸಬಹುದು. ಏನನ್ನು ಬದಲಿಸಿದಿರಿ ಎಂದು ಮಾತ್ರ ಬರೆಯಿರಿ. ಯಾರೋ ಕದ್ದು ತಮ್ಮ ಹೆಸರು ಹಾಕಿಕೊಂಡರೆ ಎಂದು ನಾನು ಹೆದರಿಸಿದ್ದೆ. "ಹಾಕ್ಕೊಳ್ಳಲಿ. ಪಾಠ ನಡದ್ರ ಸಾಕಲ್ಲ," ಎಂದರು. ವಿದ್ಯಾರ್ಥಿಗಳ ಹೆಸರನ್ನೂ ಅವರು ಕೇಳಲಿಲ್ಲ. ಪ್ರತಿ ಫೋನಿಗೆ ಅರ್ಥವಿಲ್ಲದ ಒಂದು ಗುರುತು, ಅದು ಯಾವ ಪ್ರಶ್ನೆಗೆ ಯಾವ ಉತ್ತರ ಒತ್ತಿತು ಎಂಬುದು, ಅಷ್ಟನ್ನೇ ಯಂತ್ರ ಬರೆದಿಟ್ಟುಕೊಳ್ಳುತ್ತದೆ. ಎಲ್ಲಿ ಹೆಚ್ಚು ಜನ ಎಡವುತ್ತಾರೋ ಆ ಪಾಠವನ್ನು ತಿದ್ದಲು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ತರಗತಿಯಲ್ಲಿದ್ದೆ. ಫೋನು ಮೇಜಿನ ಮೇಲಿತ್ತು, ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ ಸಾಲು ಮೂಡಿತು. ಎದೆನೋವು, ಬೆಳಿಗ್ಗೆ, ನಾಳೆ ಅಂತ್ಯವಿಧಿ. ಓದಿದೆ. ಪರದೆಯ ಮೇಲಿದ್ದ ನಕ್ಷೆಯಲ್ಲಿ ಒಂದು ಕಂಬದ ಅಗಲ ತಪ್ಪಾಗಿತ್ತು, ಅದನ್ನು ಸರಿಪಡಿಸಿದೆ. ತಾಸು ಮುಗಿಯುವವರೆಗೆ ಪಾಠ ಮಾಡಿದೆ. ಹೋಟೆಲಿಗೆ ಬಂದು ಅಪ್ಪನಿಗೆ ಹೇಳಿದೆ. ಅಪ್ಪ ಗಲ್ಲಾದಿಂದ ಎದ್ದು ಮೂಲೆಯ ಮೇಜನ್ನು ಒರೆಸಿ ಬಂದು ಕೂತರು.

ಅವರ ಕಡೆ ಕೂರಿಸಿ ಮಣ್ಣು ಕೊಡುತ್ತಾರೆ. ನಾನು ಹೋದಾಗ ಅವರನ್ನು ಅಂಗಳದಲ್ಲಿ ಕುರ್ಚಿಯ ಮೇಲೆ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಅವರು ಕುರ್ಚಿಯಲ್ಲಿ ಕೂತಿದ್ದಾರೆ, ಎಂದು ನಾನು ಅಂದುಕೊಂಡೆ. ಬೇರೇನೂ ಅನಿಸಲಿಲ್ಲ. ಈಗಲೂ ಹೆಚ್ಚೇನೂ ಅನಿಸುವುದಿಲ್ಲ. ಕೈ ಜೋಮು ಹಿಡಿದಾಗ ಅದು ನಮ್ಮದೇ ಕೈ ಎಂದು ನೋಡಿ ತಿಳಿದುಕೊಳ್ಳುತ್ತೇವಲ್ಲ, ಹಾಗೆ. ಮುಂಗೈಯ ಒಳಭಾಗದಲ್ಲಿ ಗಡಿಯಾರದ ಬಿಳಿ ಗುರುತು ಕಂಡಿತೆಂದು ಬರೆಯಲು ಹೊರಟಿದ್ದೆ. ಕಂಡಿತೋ ಇಲ್ಲವೋ. ಕಾಣಬೇಕಿತ್ತು, ಅಷ್ಟೇ ಗೊತ್ತು.

ಅದಾದ ಮೇಲೆ ಬಾಯಿಯವರನ್ನು ಮಗಳು ಓಝರ್‌ಗೆ ಕರೆತಂದಳು. ಒಂದು ಭಾನುವಾರ ಹೋಗಿ ಬಂದೆ. ಮಗಳು ಹುಟ್ಟಿ ಬೆಳೆದದ್ದು ಮಹಾರಾಷ್ಟ್ರದಲ್ಲೇ, ಕನ್ನಡ ಕೇಳಿದರೆ ಎಲ್ಲ ತಿಳಿಯುತ್ತದೆ, ಮಾತು ಹೊರಡುವುದು ಮರಾಠಿಯಲ್ಲಿ. "ಆಯೀ ಜಾಸ್ತಿ ಬೋಲತ್ ನಾಹೀ, ದೀದಿ," ಎಂದು ಬಾಗಿಲಲ್ಲೇ ಹೇಳಿದಳು. ಅಮ್ಮ ಹೆಚ್ಚು ಮಾತಾಡುತ್ತಿಲ್ಲ ಎಂದು. ನಾನು ಹೊರಡುವ ಹೊತ್ತಿಗೆ ಬಾಯಿಯವರು ತಮ್ಮ ಫೋನು ಚಾಚಿ, "ಅವ್ರ ಪಾಠ ಇದ್ರಾಗೂ ಬರ್ತದೇನವಾ?" ಎಂದರು. ಹಾಕಿಕೊಟ್ಟೆ. ಎರಡನೆಯ ಪಾಠ ತೆರೆದು, ಗುಂಡಿ ಎಳೆಯುವುದು ಹೇಗೆಂದು ತೋರಿಸಿದೆ. ತಪ್ಪು ಒತ್ತಿದರೆ ದನಿ ಬರುತ್ತದೆಂದು ಹೇಳಿದೆನೋ ಇಲ್ಲವೋ ನೆನಪಿಲ್ಲ. ಅವರಿಗೆ ಅದು ಗೊತ್ತೇ ಇತ್ತು.

ಈಗ ವಿಶ್ವವಿದ್ಯಾಲಯದ ಸಮಿತಿಯೊಂದು ಸರ್ ಮಾಡಿದ ಪಾಠಗಳನ್ನು ತನ್ನ ಎಲ್ಲ ಕಾಲೇಜುಗಳಿಗೆ ಕೊಡಲು ಒಪ್ಪಿದೆ. ಅವರು ಬದುಕಿದ್ದಾಗ ಎಷ್ಟು ಸಲ ಅರ್ಜಿ ಹಾಕಿದ್ದರೋ. ಈಗ ಪಾಠಗಳನ್ನು ನೋಡಿಕೊಳ್ಳುತ್ತಿರುವವಳು ನಾನಾದ್ದರಿಂದ ಅಧ್ಯಕ್ಷರು ನನಗೆ ಫೋನು ಮಾಡಿದರು. ಒಳ್ಳೆಯ ಮಾತಿನ ಮನುಷ್ಯ. "ಪಾಠ ಉತ್ತಮವಾಗಿವೆ. ದನಿ ಮಾತ್ರ ಬದಲಿಸಿ ಮೇಡಂ. ಉಚ್ಚಾರ ಪ್ರಮಾಣ ಮರಾಠಿಯದಲ್ಲ, ಹಿಂದೆ ಕುಕ್ಕರು ಕೂಗುತ್ತದೆ. ಈಗ ಯಂತ್ರವೇ ಚೊಕ್ಕಟವಾಗಿ ಮಾತಾಡುತ್ತದಲ್ಲ, ಅದನ್ನು ಹಾಕಿ," ಎಂದರು. ಎರಡು ಕಡೆ ಎರಡು ಬಗೆ ಇದ್ದರೆ ಮಕ್ಕಳಿಗೆ ಗೊಂದಲ, ಹೊಸ ಜಾಗಕ್ಕೆ ಹೋದ ಮೇಲೆ ಹಳೆಯದನ್ನು ಮುಚ್ಚಿಬಿಡಿ ಎಂದೂ ಹೇಳಿದರು. ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ದನಿ ತೆಗೆದರೆ ಪಾಠಗಳು ನಾನು ಹೆಸರು ಕೇಳಿರದ ಊರುಗಳಿಗೂ ಹೋಗುತ್ತವೆ. ತೆಗೆಯದಿದ್ದರೆ ಹೋಗುವುದಿಲ್ಲ.

ಪರವಾನಗಿಯ ಪ್ರಕಾರ ನಾನು ಯಾರನ್ನೂ ಕೇಳಬೇಕಾಗಿಲ್ಲ. ಮೇಲಾಗಿ ಸರ್ ಸ್ವತಃ ಹೇಳಿದ್ದು ನನಗೆ ನೆನಪಿದೆ. ನಮ್ಮ ಹೋಟೆಲಿನ ಹೊರಗೆ, ಮಜ್ಜಿಗೆಯ ಲೋಟ ಕೈಯಲ್ಲಿ. "ನನ್ನ ದನಿ ತಾತ್ಪೂರ್ತಿ ಅದ ತಂಗಿ. ಛಲೋ ಮಾತಾಡವ್ರು ಸಿಕ್ಕ ದಿನ ತಗದು ಒಗಿ." ತಾತ್ಪೂರ್ತಿ, ಸದ್ಯಕ್ಕೆ ಮಾತ್ರ. ಈ ನೆನಪು ಸ್ಪಷ್ಟವಾಗಿದೆ. ಲೋಟದ ಅಂಚಿನಲ್ಲಿ ಕೊತ್ತಂಬರಿ ಎಲೆ ಅಂಟಿದ್ದೂ ಕಾಣುತ್ತದೆ. ಅವರು ಲೋಟ ಕೆಳಗಿಟ್ಟು ತಮ್ಮ ಬೂದು ಸ್ಕೂಟರನ್ನು ಚಾಲೂ ಮಾಡುತ್ತಾರೆ.

ಅವರ ಸ್ಕೂಟರು ಕೆಂಪು. ಅದಿರಲಿ, ಅವರು ನಾಶಿಕಕ್ಕೆ ಒಮ್ಮೆಯೂ ಸ್ಕೂಟರಿನಲ್ಲಿ ಬಂದವರಲ್ಲ. ಬರುತ್ತಿದ್ದದ್ದು ಬಸ್ಸಿನಲ್ಲಿ.

ದಿನಚರಿ ತೆಗೆದು ನೋಡಿದೆ. ಅವರು ಬಂದುಹೋದ ದಿನಗಳಲ್ಲಿ ನಾನು ಬರೆದದ್ದು ಇಂಥದ್ದು: ದೋಸೆಯ ಅಳತೆ ಕೆಲಸಕ್ಕೆ ಬಾರದು; ಸರ್‌ಗೆ ಬಸ್ಸು ತಪ್ಪಿತು; ತಲೆನೋವು. ದನಿಯ ಬಗ್ಗೆ ಒಂದು ಸಾಲೂ ಇಲ್ಲ. ನನ್ನ ಕೆಲಸ ಸುಲಭವಾಗಲೆಂದು ಅವರ ಬಾಯಲ್ಲಿ ನಾನೇ ಆ ಮಾತು ಇಟ್ಟಿರಬಹುದು. ಅವರು ಹೇಳಿಯೂ ಇರಬಹುದು, ಹೇಳುವಂಥವರೇ. ಬುದ್ಧಿವಂತರೆಲ್ಲ ಮುಂದಿನ ಬೆಂಚಿನವರೇ ಎಂದು ಯಾರೋ ಒಮ್ಮೆ ಅಂದಾಗ ಅವರು, "ನಿನಗ ನೆನಪಿದ್ದವ್ರು ಅಷ್ಟೇ ಇದ್ರೇನು? ಮರ್ತವ್ರನ್ನ ಎಲ್ಲಿ ಹಿಡೀತಿ?" ಎಂದಿದ್ದರು. ಇದನ್ನು ಮಾತ್ರ ಅಂದೇ ಬರೆದಿಟ್ಟಿದ್ದೇನೆ.

ಸಮಿತಿಗೆ ಕಳಿಸುವ ವರದಿಗೆಂದು, ಯಾವ ಪ್ರಶ್ನೆಯಲ್ಲಿ ಎಷ್ಟು ಜನ ತಪ್ಪಿದ್ದಾರೆಂದು ತೆಗೆದೆ. ಎರಡನೆಯ ಪಾಠದ ಮೊದಲ ಪ್ರಶ್ನೆಯಲ್ಲಿ ತಪ್ಪು ಉತ್ತರಗಳು ವಿಪರೀತವಾಗಿದ್ದವು. ಅದು ಎಲ್ಲಕ್ಕಿಂತ ಸುಲಭದ ಪ್ರಶ್ನೆ. ಬಿಡಿಸಿ ನೋಡಿದರೆ ಆ ತಪ್ಪುಗಳಲ್ಲಿ ಹೆಚ್ಚಿನವು ಒಂದೇ ಫೋನಿನವು. ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಪಾಠ ತೆರೆಯುತ್ತದೆ. ಮೊದಲ ಪ್ರಶ್ನೆಗೆ ತಪ್ಪು ಉತ್ತರ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ತಪ್ಪು ಉತ್ತರ, ಮತ್ತೆ ಅದೇ. ಆಮೇಲೆ ಮುಚ್ಚುತ್ತದೆ. ಆ ಫೋನು ಎರಡನೆಯ ಪ್ರಶ್ನೆಗೆ ಒಮ್ಮೆಯೂ ಹೋಗಿಲ್ಲ. ಸಮಿತಿಯ ಲೆಕ್ಕದಲ್ಲಿ ಅದು ಎಲ್ಲರಿಗಿಂತ ದಡ್ಡ ವಿದ್ಯಾರ್ಥಿ.

ಅದು ಯಾವುದೋ ಹಾಸ್ಟೆಲಿನ ತುಂಟರ ಫೋನಿರಬಹುದು, ಕೆಟ್ಟ ಫೋನಿರಬಹುದು. ಒಂದೇ ಫೋನನ್ನು ನೋಡಿ ಏನನ್ನೂ ಹೇಳಲಾಗದು ಎಂದು ಸರ್ ಅನ್ನುತ್ತಿದ್ದರು. ಗುರುತಿಗೆ ಹೆಸರಿಲ್ಲ, ಊರಿಲ್ಲ. ನಾನು ಅದನ್ನು ಹಾಗೇ ಬಿಡಬಹುದಿತ್ತು.

ಬಿಡಲಿಲ್ಲ, ಸರ್ ಅವರ ಮಗಳನ್ನು ಕೇಳಿದೆ. ಮೊದಲು ಮರಾಠಿಯಲ್ಲಿ ಬರೆದೆ, ಅಳಿಸಿದೆ. ಕನ್ನಡದಲ್ಲಿ ಬರೆದರೆ ಅವಳಿಗೆ ಓದಲು ಬಾರದು. ಕೊನೆಗೆ ಕನ್ನಡದಲ್ಲೇ ಮಾತಾಡಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಮೈಕಿನ ಗುರುತು ನೀಲಿಯಾಯಿತು, ಅಂದರೆ ಕೇಳಿದ್ದಾಳೆ.

ಆ ಸಂಜೆಯಿಂದ ತಪ್ಪು ಉತ್ತರಗಳು ನಿಂತಿವೆ. ಮರುದಿನ ನೋಡಿದೆ, ಅದರ ಮರುದಿನವೂ ನೋಡಿದೆ. ಎರಡನೆಯ ಪಾಠದ ಮೊದಲ ಪ್ರಶ್ನೆಯ ನಕ್ಷೆ ಈಗ ಸರಿಯಾಗಿದೆ, ಎಲ್ಲರೂ ಸರಿ ಉತ್ತರ ಒತ್ತುತ್ತಿದ್ದಾರೆ. ಟೇಪು ಹಿಡಿದು ಕಾವಲಿಯ ಪಕ್ಕ ನಿಂತದ್ದು ಈ ಸಲ ನಾನು.

ಸಮಿತಿಗೆ ಇನ್ನೂ ಏನನ್ನೂ ಕಳಿಸಿಲ್ಲ. ಅಧ್ಯಕ್ಷರು ಎರಡು ಸಲ ನೆನಪಿಸಿದ್ದಾರೆ. ಯಂತ್ರದ ಚೊಕ್ಕಟ ದನಿಯಿರುವ ಪಾಠ ಸಿದ್ಧವಾಗಿದೆ, ಹಳೆಯದೂ ಇದೆ. ಎರಡನ್ನೂ ತೆರೆದಿಟ್ಟುಕೊಂಡು ಕೂರುತ್ತೇನೆ, ನಡುವೆ ಫೋನು ನೋಡುತ್ತೇನೆ. ಮಗಳಿಂದ ಉತ್ತರವಿಲ್ಲ. ನಾನು ಕಳಿಸಿದ್ದನ್ನೇ ಮತ್ತೆ ಹಾಕಿ ಕೇಳುತ್ತೇನೆ. ನನ್ನ ದನಿ ಯಾರದೋ ದನಿಯಂತಿದೆ:

"ಎರಡನೇ ಪಾಠದ ಮೊದಲ್ನೇ ಪ್ರಶ್ನೆಗೆ ದಿನಾ ಸಂಜೆ ತಪ್ಪು ಉತ್ತರ ಒತ್ತುವುದು ಅಮ್ಮನಾ?"